ಖೋಡಿ ಹೇಳದೆ ಕೊಟ್ಟ ಹುಂಜ

ಹೊಸ ಹುಂಜ ಬಂದ ನಾಲ್ಕನೆಯ ದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಒಂದು ಕೋಳಿಯೂ ಹೊರಗೆ ಬರಲಿಲ್ಲ. ನನ್ನ ಕೋಳಿಗಳ ಗುಣ ನನಗೆ ಗೊತ್ತು. ಬಾಗಿಲು ತೆಗೆಯುವುದು ಸ್ವಲ್ಪ ತಡವಾದರೂ ಒಳಗಿನಿಂದ ಹಲಗೆ ಕುಕ್ಕಿ ನನ್ನ ಮನೆತನಕ್ಕೆಲ್ಲ ಬೈಯುವಂಥವು. ಅವತ್ತು ಹತ್ತೊಂಬತ್ತೂ ಮೇಲಿನ ಅಡ್ಡಗೋಲಿನ ಮೇಲೆ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಹುಂಜ ಕೆಳಗೆ ಬಾಗಿಲಿನ ಮುಂದೆ ಅಡ್ಡಾಡುತ್ತಿತ್ತು. ಒಂದೊಂದನ್ನೇ ಕೈಯಲ್ಲಿ ಎತ್ತಿ ಇಳಿಸಿದೆ. ಹುರುಳಿಯನ್ನು ಎತ್ತಿದಾಗ ಅಂಗೈಗೆ ಹಸಿ ಹತ್ತಿತು. ಬೆನ್ನಿನ ಮೇಲೆ ಅಂಗೈ ಅಗಲ ಗರಿ ಕಿತ್ತುಹೋಗಿ, ಚರ್ಮ ಸೀಳಿ, ರಕ್ತ ಬಂದಿತ್ತು.

ನಾನು ಶಿರಗುಪ್ಪಿಯಲ್ಲಿ ಜವಾರಿ ಕೋಳಿ ಸಾಕಿ, ಮರಿ ಎಬ್ಬಿಸಿ, ಸುತ್ತಲಿನ ಹೆಣ್ಣುಮಕ್ಕಳಿಗೆ ಕೊಡುವವಳು. ಯಂತ್ರ ಇಟ್ಟಿಲ್ಲ. ಕೋಳಿಯೇ ಕಾವಿಗೆ ಕೂರಬೇಕು. ಹಾಗಾಗಿ ನನ್ನ ಕಸುಬೆಲ್ಲ ನಿಂತಿರುವುದು ಮನಸ್ಸಿಟ್ಟು ಕಾವು ಕೂರುವ ನಾಲ್ಕೈದು ಕೋಳಿಗಳ ಮೇಲೆ. ಅವುಗಳಲ್ಲಿ ಮೊದಲನೆಯದು ಹುರುಳಿ. ಹುರುಳಿಕಾಳಿನ ಬಣ್ಣ ಇದ್ದದ್ದಕ್ಕೆ ಆ ಹೆಸರು. ಹನ್ನೆರಡು ಮೊಟ್ಟೆ ಇಟ್ಟರೆ ಹನ್ನೊಂದು ಮರಿ ಹಿಂದೆ ಕಟ್ಟಿಕೊಂಡು ಬರುತ್ತಿತ್ತು. ಅದರ ಬೆನ್ನಿಗೆ ಅರಿಶಿನ, ಬೇವಿನೆಣ್ಣೆ ಹಚ್ಚುತ್ತ ನಾನು ಹುಂಜಕ್ಕೆ ಬೈಯಲಿಲ್ಲ. ನನ್ನದೇ ಏನೋ ತಪ್ಪಿರಬೇಕು ಅಂದುಕೊಂಡೆ. ಯಾಕೆಂದರೆ ಆ ಹುಂಜ ಕೊಟ್ಟವಳು ಅಕ್ಕ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಅಥಣಿ ಕಡೆಯ ಅನಂತಪುರದವಳು. ಹನ್ನೊಂದು ವರ್ಷದ ಹಿಂದೆ ಚಿಕ್ಕೋಡಿಯಲ್ಲಿ ಕೋಳಿ ಸಾಕಣೆಯ ತರಬೇತಿಗೆ ಹೋದಾಗ ನನ್ನ ಪಕ್ಕದಲ್ಲಿ ಕೂತಿದ್ದಳು. ಮುಂದೆ ನಿಂತವರು ಹೇಳುತ್ತಿದ್ದುದರಲ್ಲಿ ಅರ್ಧ ನಮ್ಮ ಕೋಳಿಗೆ ಹತ್ತುವುದಿಲ್ಲ ಎಂದು ಕಿವಿಯಲ್ಲಿ ಹೇಳಿ ನಗಿಸಿದವಳು. ಮೊಟ್ಟೆಯನ್ನು ಬೆಳಕಿಗೆ ಹಿಡಿದು ಒಳಗಿನ ಜೀವ ನೋಡುವುದು, ಕಾವಿನ ಕೋಳಿಯ ಹೊಟ್ಟೆ ಮುಟ್ಟಿ ಬಿಸಿ ಅಳೆಯುವುದು, ಸತ್ತ ಮರಿಯನ್ನು ಕೋಳಿಗೆ ಗೊತ್ತಾಗದಂತೆ ತೆಗೆಯುವುದು, ಎಲ್ಲ ಅವಳು ಕಲಿಸಿದ್ದು. ಆಗಿನಿಂದ ದಿನಾ ಮಧ್ಯಾಹ್ನ ಉಂಡ ಮೇಲೆ ನಾವಿಬ್ಬರೂ ಫೋನಿನಲ್ಲಿ ಕೂರುತ್ತಿದ್ದೆವು. ಯಾವ ಕೋಳಿ ಸೀನಿತು, ಯಾವುದು ಮೊಟ್ಟೆ ಬಿಟ್ಟಿತು, ಅತ್ತೆ ಏನಂದರು, ಒಂದನ್ನೂ ಬಿಡದೆ ಹೇಳಿಕೊಳ್ಳುತ್ತಿದ್ದೆವು.

ನಮ್ಮಂಥ ಕೋಳಿಯವರಲ್ಲಿ ಹುಂಜ ಬದಲಿ ಮಾಡುವ ಪದ್ಧತಿ ಇದೆ. ಎರಡು ವರ್ಷ ಆದರೆ ಹುಂಜಕ್ಕೆ ಸುತ್ತಲಿರುವುದೆಲ್ಲ ಅದರ ಹೆಣ್ಣುಮಕ್ಕಳೇ. ರಕ್ತ ಹತ್ತಿರವಾದರೆ ಮರಿಯ ಕಾಲು ಸೊಟ್ಟ, ಮೊಟ್ಟೆ ಬಂಜೆ. ಅದಕ್ಕೆ ನಂಬಿಕೆಯವರು ಹುಂಜವನ್ನು ಅದಲು ಬದಲು ಮಾಡಿಕೊಳ್ಳುತ್ತೇವೆ. ದುಡ್ಡಿನ ಮಾತಿಲ್ಲ. ಅರಿಶಿನ ಕುಂಕುಮ ಹಚ್ಚಿ ಕೊಡುವುದು, ಕೊಡುವ ಮುಂಚೆ ಅದರ ಖೋಡಿ ಹೇಳುವುದು. ಖೋಡಿ ಎಂದರೆ ಕೆಟ್ಟ ಚಾಳಿ. ಮರಿ ಕುಕ್ಕುತ್ತದೆ, ಗೋಡೆ ಹಾರುತ್ತದೆ, ಹೆಂಗಸರ ಕಾಲಿಗೆ ಬರುತ್ತದೆ, ಏನಿದ್ದರೂ ಬಾಯಿಬಿಟ್ಟು ಹೇಳಬೇಕು. ಎತ್ತು ಕೊಡುವಾಗ ಗಂಡಸರು ಹೇಳುತ್ತಾರಲ್ಲ, ಹಾಗೇ. ಹೇಳಿದ ಮೇಲೆ ಒಪ್ಪಿ ತಗೊಂಡರೆ ಎರಡು ವರ್ಷ ವಾಪಸ್ ಎನ್ನುವ ಮಾತಿಲ್ಲ. ವಾಪಸ್ ಒಯ್ದರೆ ಕೊಟ್ಟವಳ ಮುಖಕ್ಕೆ ಸುಳ್ಳಿ ಎಂದಂತೆ.

ನಾವು ಈ ಬದಲಿಯನ್ನು ಯಾವಾಗಲೂ ಒಬ್ಬರ ಅಂಗಳದಲ್ಲೇ ಮಾಡುತ್ತಿದ್ದೆವು. ಈ ಸಲ ಅಕ್ಕ ಮೊಣಕಾಲು ನೋವು ಎಂದಳು. ನಾನೇ ಬರುತ್ತೇನೆ ಎಂದರೆ ಅಷ್ಟು ದೂರ ನೀನ್ಯಾಕೆ, ಇಬ್ಬರೂ ನಡುವೆ ಕಾಗವಾಡದ ಬಸ್ ಸ್ಟ್ಯಾಂಡಿಗೆ ಬರೋಣ ಎಂದಳು. ನನ್ನ ಮೇಲಿನ ಕಾಳಜಿ ಎಂದುಕೊಂಡೆ. ಎಂಥ ಪೆದ್ದಿ ನಾನು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ನಾನು ನನ್ನ ಹುಂಜ ಮಾಸ್ತರನ್ನು ಅವಳ ಕೈಗೆ ಕೊಟ್ಟೆ. ಕಾಳು ಸಿಕ್ಕರೆ ತಾನು ತಿನ್ನದೆ ಕೋಳಿಗಳನ್ನು ಕರೆದು ತಿನ್ನಿಸುವ ಹುಂಜ, ಶಾಲೆಯ ಮಕ್ಕಳನ್ನು ಸಾಲು ಹಚ್ಚಿದ ಹಾಗೆ ಸಂಜೆ ಎಲ್ಲವನ್ನೂ ಗೂಡಿಗೆ ಸೇರಿಸುವ ಹುಂಜ. ಅದರ ಖೋಡಿಯನ್ನೂ ಹೇಳಿದೆ, ಗುಡುಗಿಗೆ ಹೆದರಿ ಅಡುಗೆಮನೆಗೆ ನುಗ್ಗುತ್ತದೆ ಎಂದು. ಆಮೇಲೆ ಅವಳ ಹುಂಜದ ಖೋಡಿ ಕೇಳಿದೆ.

“ಖೋಡಿ ಏನಿಲ್ಲ ಬೇ. ಜರಾ ಚುರುಕ ಐತಿ, ಅಷ್ಟ” ಎಂದಳು.

ಹುಂಜ ನೋಡಲು ಬಲು ಚೆಂದ. ಕತ್ತಿನ ಗರಿ ತಾಮ್ರದ ಬಣ್ಣ, ಬಾಲ ಕಪ್ಪು ಹಸಿರು, ಜುಟ್ಟು ನೆಟ್ಟಗೆ. ಮನೆಗೆ ತಂದಾಗ ಅತ್ತೆ ಅದರ ಎದೆ ಉಬ್ಬಿಸುವ ನಡಿಗೆ ನೋಡಿ ಫೌಜದಾರ ಎಂದು ಹೆಸರಿಟ್ಟರು.

ಹುರುಳಿಯ ಬೆನ್ನು ನೋಡಿದ ದಿನವೇ ನಾನು ಅಂಗಳದಲ್ಲಿ ಮಣೆ ಹಾಕಿ ಕೂತು ಫೌಜದಾರನನ್ನು ನೋಡತೊಡಗಿದೆ. ಒಳ್ಳೆಯ ಹುಂಜ ಕೋಳಿಯ ಹತ್ತಿರ ಹೋಗುವಾಗ ಒಂದು ರೆಕ್ಕೆ ಇಳಿಬಿಟ್ಟು ಪಕ್ಕದಲ್ಲಿ ಸುತ್ತುತ್ತದೆ. ಕೋಳಿಗೆ ಮನಸ್ಸಿದ್ದರೆ ಕುಕ್ಕರಿಸುತ್ತದೆ, ಇಲ್ಲದಿದ್ದರೆ ದೂರ ಸರಿಯುತ್ತದೆ, ಹುಂಜ ಬೇರೆ ದಾರಿ ನೋಡುತ್ತದೆ. ಫೌಜದಾರನಿಗೆ ರೆಕ್ಕೆ ಇಳಿಬಿಡುವುದೇ ಗೊತ್ತಿರಲಿಲ್ಲ. ಹಿಂದಿನಿಂದ ಓಡಿಬಂದು ಕುತ್ತಿಗೆಯ ಗರಿ ಕಚ್ಚಿ ಹಿಡಿಯುತ್ತಿತ್ತು. ಮೇಲಿನಿಂದ ಇಳಿದ ಮೇಲೂ ಬಿಡದೆ ಎಳೆದಾಡುತ್ತಿತ್ತು. ಕಾಳು ಹಾಕಿದರೆ ನಡುವೆ ನಿಂತು ಬಂದ ಕೋಳಿಗಳ ತಲೆಗೆ ಕುಕ್ಕುತ್ತಿತ್ತು. ಮಧ್ಯಾಹ್ನ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಹೊಸ ಜಾಗ, ಹೊಂದಿಕೊಳ್ಳಲು ಎಂಟು ದಿನ ಬೇಕು ಎಂದಳು. ಎಂಟು ದಿನ ಕಾದೆ. ಇನ್ನೂ ಆರು ಕೋಳಿಯ ಬೆನ್ನು ಬೋಳಾಯಿತು.

ಆಮೇಲೆ ನನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಒಂದೊಂದಾಗಿ ಹಚ್ಚಿದೆ. ಮೊದಲು ಕಾಲಿನ ಮುಳ್ಳು. ಹುಂಜದ ಕಾಲಿನ ಹಿಂದೆ ಬೆಳೆಯುವ ಆ ಮುಳ್ಳೇ ಬೆನ್ನು ಸೀಳುವುದು. ಫೌಜದಾರನದು ಒಂದೂವರೆ ಇಂಚು ಇತ್ತು. ಬಟಾಟಿ ಕುದಿಸಿ, ಬಿಸಿ ಇರುವಾಗಲೇ ಮುಳ್ಳಿಗೆ ಚುಚ್ಚಿ, ಕಾಲಿನ ಚರ್ಮಕ್ಕೆ ತಾಗದಂತೆ ಹಸಿ ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಹಿಡಿದರೆ ಮೇಲಿನ ಗಟ್ಟಿ ಸಿಪ್ಪೆ ಮೆತ್ತಗಾಗುತ್ತದೆ. ಮೆಲ್ಲಗೆ ತಿರುವಿದರೆ ಟೋಪಿಯ ಹಾಗೆ ಕಳಚಿ ಬರುತ್ತದೆ. ಒಳಗಿನದು ಎಳಸು, ಒಂದು ವಾರ ಅದಕ್ಕೇ ನೋವು. ನನ್ನ ಮನೆಯವರು ರೆಕ್ಕೆ ಅವುಚಿ ಹಿಡಿದರು, ನಾನು ತಿರುವಿದೆ. ಎರಡು ದಿನ ಸುಮ್ಮನಿತ್ತು. ಮೂರನೆಯ ದಿನ ಮುಳ್ಳಿಲ್ಲದಿದ್ದರೇನು, ಕೊಕ್ಕಿದೆಯಲ್ಲ ಎನ್ನುವಂತೆ ಒಂದು ಕೋಳಿಯ ಜುಟ್ಟು ಹರಿದುಹಾಕಿತು.

ಬೋರಗಾಂವದಲ್ಲಿ ಪವರ್‌ಲೂಮ್ ನಡೆಸುವ ನನ್ನ ತಮ್ಮ ತುಂಡು ಬಟ್ಟೆ ತಂದುಕೊಡುತ್ತಾನೆ. ಅದರಲ್ಲಿ ದಪ್ಪನೆಯದನ್ನು ಎರಡು ಪದರ ಮಾಡಿ, ಒಂಬತ್ತು ಇಂಚು ಉದ್ದ, ಏಳು ಇಂಚು ಅಗಲ ಕತ್ತರಿಸಿ, ರೆಕ್ಕೆಯ ಕೆಳಗೆ ಬರುವಂತೆ ಇಲಾಸ್ಟಿಕ್ ಹೊಲಿದು ಕೋಳಿಗಳಿಗೆ ಬೆನ್ನುಕವಚ ತೊಡಿಸಿದೆ. ಮೊದಲ ದಿನ ಅವು ಅದನ್ನು ಬಿಟ್ಟು ಓಡಲು ಹಿಂದೆ ಹಿಂದೆ ನಡೆದು ಗೋಡೆಗೆ ಬಡಿದುಕೊಂಡವು. ಅತ್ತೆ ಬಾಗಿಲಲ್ಲಿ ನಿಂತು ಮದುವೆಯಲ್ಲಿ ಬಟ್ಟೆ ಕೊಡುವ ಹಾಗೆ ಬಳಗಕ್ಕೆಲ್ಲ ಆಹೇರಿ ಮಾಡಿದ್ದೀ ಎಂದು ನಕ್ಕರು. ಬೆನ್ನೇನೋ ಉಳಿಯಿತು. ಫೌಜದಾರ ಬೆನ್ನು ಬಿಟ್ಟು ತಲೆ ಹಿಡಿಯಿತು.

ಅಂಗಳದಲ್ಲಿ ಕಬ್ಬಿನ ಒಣ ಸೋಗೆಯ, ಅಂದರೆ ರವದಿಯ ರಾಶಿ ಹಾಕಿದೆ, ಕೋಳಿಗಳು ಅಡಗಿಕೊಳ್ಳಲಿ, ಕೆದರುವುದರಲ್ಲಿ ಅದರ ಸಿಟ್ಟೂ ಇಳಿಯಲಿ ಎಂದು. ಕಾಳನ್ನು ನಾಲ್ಕು ಕಡೆ ಇಟ್ಟೆ. ದಿನಾ ಹನ್ನೊಂದು ಹನ್ನೆರಡು ಬರುತ್ತಿದ್ದ ಮೊಟ್ಟೆ ಮೂರಕ್ಕೆ ಇಳಿಯಿತು. ಹೆದರಿದ ಕೋಳಿ ಮೊಟ್ಟೆ ಹಾಕುವುದಿಲ್ಲ.

ಕೊನೆಗೆ ದನದ ದವಾಖಾನೆಯ ಡಾಕ್ಟರನ್ನು ಕರೆದೆ. ಅವರು ಚಹಾ ಮುಗಿಯುವ ತನಕ ಹುಂಜವನ್ನೇ ನೋಡುತ್ತ ಕೂತರು.

“ಅಕ್ಕಾರ, ಇದು ಜೋಡಿಗೆ ಹೋಗಾಕತ್ತಿಲ್ಲರಿ, ಹೊಡ್ಯಾಕ ಹೋಗಾಕತ್ತೈತಿ. ಇದು ಇಲ್ಲಿ ಬಂದ ಕಲತದ್ದಲ್ಲ. ಕೊಟ್ಟವ್ರ ಮನ್ಯಾಗ ಕೋಳಿ ಹೆಂಗದಾವ, ಒಮ್ಮೆ ನೋಡಿ ಬರ್ರಿ.”

ನನಗೆ ಸಿಟ್ಟು ಬಂತು. ಹನ್ನೊಂದು ವರ್ಷದ ಅಕ್ಕನ ಮಾತು ಒಂದು ಕಡೆ, ಒಂದು ಕಪ್ಪು ಚಹಾದಷ್ಟು ಹೊತ್ತು ನೋಡಿದವರ ಮಾತು ಒಂದು ಕಡೆ. ನಮ್ಮ ಅಕ್ಕ ಖೋಡಿ ಮುಚ್ಚಿಡುವವಳಲ್ಲ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಮಾತು ಬೆಳೆಸಲಿಲ್ಲ. ಹುಂಜವನ್ನು ಬೇರೆ ಇಡಿ, ಕೋಳಿಗಳ ಜೊತೆ ಬಿಡಲೇಬೇಡಿ ಎಂದು ಹೇಳಿ ಹೋದರು. ಅಷ್ಟು ಮಾತ್ರ ಕೇಳಿದೆ. ಫೌಜದಾರನ ಕಾಲಿಗೆ ಬಟ್ಟೆಯ ಹಗ್ಗ ಕಟ್ಟಿ ಬೇವಿನ ಗಿಡದ ಕೆಳಗೆ ಬಿಟ್ಟೆ.

ಹನ್ನೆರಡು ದಿನ ಮನೆಗೆ ಸಮಾಧಾನ ಬಂತು. ಕೋಳಿಗಳು ರವದಿ ಕೆದರಿದವು, ಮೊಟ್ಟೆ ಏಳಕ್ಕೆ ಏರಿತು. ಅದಕ್ಕೂ ಮೊದಲೇ ಹುರುಳಿ ಕಾವಿಗೆ ಬಂದಿತ್ತು. ಅದರ ಕೆಳಗೆ ಇಟ್ಟ ಹನ್ನೆರಡು ಮೊಟ್ಟೆಯೂ ಮಾಸ್ತರ ಇದ್ದಾಗಿನವು. ದನದ ಕೊಟ್ಟಿಗೆಯ ಮೂಲೆಯಲ್ಲಿ ಬುಟ್ಟಿ ಇಟ್ಟು ಕೂರಿಸಿದ್ದೆ. ಬೆಳಕಿಗೆ ಹಿಡಿದು ನೋಡಿದಾಗ ಹನ್ನೆರಡರಲ್ಲೂ ನರ ಹರಡಿತ್ತು, ಜೀವ ಇತ್ತು. ಇದನ್ನು ಅಕ್ಕನಿಗೆ ಹೇಳುವಾಗ, ಬೇಜಾರಾದೀತೆಂದು ಅಲ್ಲಿಯತನಕ ಮುಚ್ಚಿಟ್ಟಿದ್ದ, ಹುಂಜವನ್ನು ಕಟ್ಟಿಹಾಕಿದ ಸುದ್ದಿಯನ್ನೂ ಹೇಳಿದೆ.

“ಕಟ್ಟಿ ಹಾಕಬ್ಯಾಡ ಬೇ. ಕಟ್ಟಿದಷ್ಟ ಸಿಟ್ಟ ಹೆಚ್ಚಾಕ್ಕೈತಿ. ನಾಳಿಂದ ಬಿಡು, ತಾನ ಹೊಂದಿಕೋತೈತಿ. ನನ್ನ ಮಾತ ಕೇಳು” ಎಂದಳು.

ಕೇಳಿದೆ. ಡಾಕ್ಟರ ಮಾತು ಬಿಟ್ಟು ಅವಳ ಮಾತು ಕೇಳಿದೆ. ಮರುದಿನ ಬೆಳಿಗ್ಗೆ ನನ್ನ ಕೈಯಿಂದಲೇ ಹಗ್ಗ ಬಿಚ್ಚಿದೆ. ಒಂದು ತಾಸು ಕಾವಲು ಕೂತೆ, ಹುಂಜ ಬೇಲಿಯ ಬದಿ ಕೆದರಿಕೊಂಡು ಸುಮ್ಮನಿತ್ತು. ನೋಡು, ಅಕ್ಕ ಹೇಳಿದ್ದು ಖರೆ ಎಂದುಕೊಂಡು ಎಮ್ಮೆಗೆ ಹುಲ್ಲು ತರಲು ಹೊಲಕ್ಕೆ ಹೋದೆ.

ಹುಲ್ಲಿನ ಹೊರೆ ಹೊತ್ತು ಬಂದಾಗ ಕೊಟ್ಟಿಗೆಯಲ್ಲಿ ಬುಟ್ಟಿ ಮಗುಚಿರಲಿಲ್ಲ, ಎಲ್ಲ ಇದ್ದಂತೆಯೇ ಇತ್ತು. ಹುರುಳಿ ಮೊಟ್ಟೆಗಳ ಮೇಲೆ ಕೂತೇ ಇತ್ತು, ರೆಕ್ಕೆ ಅಗಲಿಸಿಕೊಂಡು. ತಲೆ ಮಾತ್ರ ಬುಟ್ಟಿಯ ಅಂಚಿನಿಂದ ಕೆಳಗೆ ಜೋತು ಬಿದ್ದಿತ್ತು. ತಲೆಯ ಮೇಲೆ ಚರ್ಮ ಉಳಿದಿರಲಿಲ್ಲ. ಕಾವಿನ ಕೋಳಿ ಮೊಟ್ಟೆ ಬಿಟ್ಟು ಏಳುವುದಿಲ್ಲ. ಎದ್ದು ಓಡಿದ್ದರೆ ಬದುಕುತ್ತಿತ್ತು. ಹುಂಜ ಅಷ್ಟು ದೂರದಲ್ಲಿ ಎಮ್ಮೆಗೆ ಮೇವು ಹಾಕುವ ಗೋದಲಿಯ ಮೇಲೆ ನಿಂತು ಕೊಕ್ಕು ತಿಕ್ಕಿಕೊಳ್ಳುತ್ತಿತ್ತು. ನಾನು ಹುಲ್ಲಿನ ಹೊರೆ ಅಲ್ಲೇ ಕೆಡವಿ ಕೂತು ಅತ್ತೆ. ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿ ಬೇರೆ ಕೋಳಿಯ ಕೆಳಗೆ ಇಡಲು ನೋಡಿದೆ. ಕಾವಿಗೆ ಬಂದ ಕೋಳಿ ಮತ್ತೊಂದು ಇರಲಿಲ್ಲ. ಸಂಜೆಗೆ ಎಲ್ಲ ತಣ್ಣಗಾದವು.

ಮನೆಯವರು ಕುಡುಗೋಲು ತಂದರು. ನಾನು ಬೇಡ ಎಂದೆ. ಆಗ ತೆಗೆದುಕೊಂಡ ತೀರ್ಮಾನ ಇದು: ಹುಂಜವನ್ನು ಅಕ್ಕನ ಮುಂದೆ ಇಡುವುದು. ವಾಪಸ್ ಕೊಡಲು ಅಲ್ಲ. ಅವಳು ಕಣ್ಣಿನಿಂದ ನೋಡಲಿ, ಇದಕ್ಕೆ ಏನಾಗಿದೆ ಹೇಳಲಿ. ಅವಳ ಮೇಲೆ ಅಷ್ಟಾದರೂ ನಂಬಿಕೆ ನನಗೆ ಇನ್ನೂ ಇತ್ತು. ಮರುದಿನ ಕಾಲು ಕಟ್ಟಿ, ಗಾಳಿಗೆ ತೂತು ಮಾಡಿದ ಚೀಲದಲ್ಲಿ ಹಾಕಿಕೊಂಡು, ಕಾಗವಾಡದಲ್ಲಿ ಬಸ್ ಬದಲಿಸಿ ಅನಂತಪುರಕ್ಕೆ ಹೋದೆ. ಬರುತ್ತೇನೆಂದು ಫೋನ್ ಮಾಡಿರಲಿಲ್ಲ. ಅವಳ ಮನೆಗೆ ಹೋಗಲು ಯಾವತ್ತೂ ಮಾಡಿದವಳಲ್ಲ.

ಅಕ್ಕ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಕೋಳಿಗಳು ಅವಳ ಸುತ್ತ ಇದ್ದವು. ನನ್ನನ್ನು ನೋಡಿ ಮುಖ ಅರಳಿಸಿ ಎದ್ದಳು, ಬಾ ಬೇ ಎಂದು ಕರೆದಳು. ಆಗ ಚೀಲ ಅಲುಗಾಡಿತು, ಒಳಗಿನಿಂದ ಹುಂಜದ ದನಿ ಬಂತು. ಅವಳ ಕೈಯಿಂದ ಮೊರ ಬಿತ್ತು. ಮೊಣಕಾಲು ನೋವಿನವಳು ಎರಡು ಹೆಜ್ಜೆಗೆ ಓಡಿ ಕೋಳಿಗಳನ್ನು ಗೂಡಿನ ಕಡೆ ಅಟ್ಟಿದಳು, ನನಗೂ ಅವಕ್ಕೂ ನಡುವೆ ಎರಡೂ ಕೈ ಅಗಲಿಸಿ ನಿಂತಳು.

ನಾನು ಚೀಲದ ಬಾಯಿಗೆ ಕೈ ಹಾಕಿರಲಿಲ್ಲ. ಏನೂ ಹೇಳಿಯೂ ಇರಲಿಲ್ಲ.

ಅವಳ ಬೆನ್ನ ಹಿಂದೆ ಕೋಳಿಗಳು ಬಾಗಿಲಲ್ಲಿ ಗುಂಪುಗೂಡಿದ್ದವು. ಆಗ ಸರಿಯಾಗಿ ನೋಡಿದೆ. ಒಂದೊಂದರ ಬೆನ್ನಿನ ಮೇಲೂ ಅಂಗೈ ಅಗಲ ಜಾಗದಲ್ಲಿ ಹೊಸ ಗರಿಯ ಮೊಳಕೆ, ಸೂಜಿ ಚುಚ್ಚಿಟ್ಟ ಹಾಗೆ. ಕಿತ್ತ ಗರಿ ಅಷ್ಟು ಬೆಳೆಯಲು ಎಷ್ಟು ವಾರ ಬೇಕೆಂದು ನನಗೆ ಕಲಿಸಿದವಳೇ ಅವಳು. ಹುಂಜ ಅವಳ ಮನೆ ಬಿಟ್ಟು ಎಷ್ಟು ವಾರವಾಯಿತೋ ಅಷ್ಟೇ ಬೆಳೆದಿತ್ತು. ಬಸ್ ಸ್ಟ್ಯಾಂಡಿಗೆ ಯಾಕೆ ಕರೆದಳೆಂದು ಆಗ ತಿಳಿಯಿತು. ಅಂಗಳಕ್ಕೆ ಬಂದಿದ್ದರೆ ನಾನು ಕೋಳಿಗಳ ಬೆನ್ನು ನೋಡದೆ ಬಿಡುತ್ತಿರಲಿಲ್ಲ. ಕೋಳಿಗಳ ನಡುವೆ ಮಾಸ್ತರ ನಿಂತಿತ್ತು, ಬಿದ್ದ ಮೊರದ ಜೋಳ ಕಂಡು ಅವನ್ನು ಕೊಕ್ ಕೊಕ್ ಎಂದು ಕರೆಯುತ್ತಿತ್ತು.

“ನಿನ್ನವು ಎಷ್ಟ ಸತ್ವು ಅಕ್ಕಾ?” ಎಂದು ಕೇಳಿದೆ.

“ಎರಡ” ಎಂದಳು. ಕೈ ಇನ್ನೂ ಇಳಿಸಿರಲಿಲ್ಲ.

ಆಮೇಲೆ ಕೂತು ಮಾತಾಡಿದಳು. ಆ ಹುಂಜವನ್ನು ಮೊಟ್ಟೆಯಿಂದ ಬಂದಾಗಿನಿಂದ ಒಂಟಿಯಾಗಿ ಕೈಯಲ್ಲಿ ಸಾಕಿದ್ದಳಂತೆ, ತಾಯಿ ಕೋಳಿ ಸತ್ತಿತ್ತಂತೆ, ಕೊಯ್ಯಲು ಮನಸ್ಸು ಬರಲಿಲ್ಲವಂತೆ. ಖೋಡಿ ಹೇಳಿದರೆ ಯಾರೂ ಒಯ್ಯುತ್ತಿರಲಿಲ್ಲ. ಇದೆಲ್ಲ ನನಗೆ ಅರ್ಥವಾಗುತ್ತಿತ್ತು. ಒಂಟಿಯಾಗಿ ಬೆಳೆದ ಹುಂಜಕ್ಕೆ ಕೋಳಿಗಳ ಜೊತೆ ಹೇಗಿರಬೇಕೆಂದು ತಿಳಿಯುವುದಿಲ್ಲ, ದೊಡ್ಡ ಕೋಳಿಗಳಿಂದ ಏಟು ತಿಂದೇ ಹುಂಜ ಕಲಿಯಬೇಕು. ಪಾಪದ ಪ್ರಾಣಿ. ಆದರೆ ಆ ಪಾಪವನ್ನು ನನ್ನ ಮನೆಗೆ ಕಳಿಸಿ ನನ್ನ ಮಾಸ್ತರನ್ನು ಇಟ್ಟುಕೊಂಡಿದ್ದಳು.

“ನಿನಗ ಕೈಗುಣ ಐತಿ, ನೀ ಹೆಂಗರ ಪಳಗಸ್ತಿ ಅಂತ ತಿಳದ್ನಿ” ಎಂದಳು.

“ಪಳಗಸಾಕರ ಖೋಡಿ ಗೊತ್ತಿರಬೇಕಲ್ಲಕ್ಕಾ. ಹಗ್ಗಾ ಬಿಚ್ಚು ಅಂದಿ. ಬಿಚ್ಚಿದ್ನಿ. ಹುರುಳಿ ಬುಟ್ಯಾಗ ಕುಂತಲ್ಲೆ ಸತ್ತೈತಿ.”

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಹುರುಳಿ ಅವಳ ಮನೆಯ ಮೊಟ್ಟೆಯಿಂದ ಬಂದ ತಳಿ. ಕಟ್ಟಿಹಾಕಿಯೇ ಸಾಕುವುದಾದರೆ ನೀನು ಬೇಸತ್ತು ಇಲ್ಲಿಗೆ ತಂದುಬಿಡುತ್ತೀ ಎಂದು ಹೆದರಿ ಬಿಚ್ಚು ಅಂದೆ ಎಂದಳು. ಎದ್ದು ಹೋಗಿ ಮಾಸ್ತರನ್ನು ಹಿಡಿದು ತಂದು, ಒಯ್ದುಬಿಡು ಎಂದು ನನ್ನ ಮಡಿಲಿಗೆ ಚಾಚಿದಳು. ಅದು ನನ್ನ ಗುರುತು ಹಿಡಿದು ಕತ್ತು ಉದ್ದ ಮಾಡಿತು. ಹಿಂದೆ ಗೂಡಿನ ಬಾಗಿಲಲ್ಲಿ ಕೋಳಿಗಳು ಕರೆಯುವವನಿಲ್ಲದೆ ಅತ್ತಿತ್ತ ನೋಡುತ್ತಿದ್ದವು.

ನಾನು ತಗೊಳ್ಳಲಿಲ್ಲ. ಅದು ನನ್ನ ದೊಡ್ಡತನವೇನಲ್ಲ. ತಗೊಂಡುಬಿಟ್ಟರೆ ಅವಳಿಗೆ ಎಲ್ಲ ಬರೋಬರಿ ಆಯಿತು ಅನ್ನಿಸುತ್ತದೆ, ಇವತ್ತೇ ನೆಮ್ಮದಿಯಿಂದ ಮಲಗುತ್ತಾಳೆ. ಮಲಗಬಾರದು ಅನ್ನಿಸಿತು. ಚೀಲದ ಗಂಟು ಬಿಚ್ಚಿ ಫೌಜದಾರನನ್ನು ಅಲ್ಲೇ ಬಿಟ್ಟುಬರುವ ಯೋಚನೆಯೂ ಒಂದು ಗಳಿಗೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಬೆರಳು ಗಂಟಿನ ಮೇಲೇ ಇತ್ತು. ಆ ಸೂಜಿಮೊನೆಯ ಗರಿಗಳನ್ನು ನೋಡಿ ತೆಗೆದೆ. ಅಕ್ಕ ಕೊಟ್ಟ ನೀರು ಕುಡಿಯದೆ ಎದ್ದು ಬಂದೆ.

ಆ ಹುಂಜವನ್ನು ಮತ್ತೊಬ್ಬರಿಗೆ ದಾಟಿಸುವಂತಿರಲಿಲ್ಲ. ಮರುದಿನ ಮನೆಯವರು ಕೊಯ್ದರು. ನಾನು ಮಸಾಲೆ ಅರೆದುಕೊಟ್ಟೆ, ತಿನ್ನಲಾಗಲಿಲ್ಲ. ಅತ್ತೆ ಎರಡು ಸಲ ಹಾಕಿಸಿಕೊಂಡು, ಫೌಜದಾರ ಸತ್ತ ಮೇಲಾದರೂ ಉಪಯೋಗಕ್ಕೆ ಬಂದ ಎಂದರು. ಓಣಿಯ ಒಬ್ಬರಿಂದ ಎಳೆಯ ಹುಂಜವೊಂದನ್ನು ತಂದೆ, ಅವರ ಅಂಗಳಕ್ಕೆ ಹೋಗಿ, ಅವರ ಕೋಳಿಗಳನ್ನು ಒಂದೊಂದಾಗಿ ಎತ್ತಿ ಬೆನ್ನು ನೋಡಿಯೇ ತಂದೆ. ಅವರಿಗೆ ಬೇಜಾರಾಯಿತು. ಆಗಲಿ ಎಂದುಕೊಂಡೆ.

ಎಂಟು ದಿನ ಮಧ್ಯಾಹ್ನದ ಫೋನ್ ಬರಲಿಲ್ಲ. ಒಂಬತ್ತನೆಯ ದಿನ ಬಂತು. ಎತ್ತಬಾರದು ಎಂದುಕೊಂಡೇ ಎತ್ತಿದೆ. ಊಟ ಆಯಿತೇ ಎಂದಳು, ಆಯಿತು ಎಂದೆ. ದನಿ ಇಳಿದಿತ್ತು, ಅತ್ತಿದ್ದಳೋ ಏನೋ.

“ಕೋಳಿ ಹೆಂಗದಾವ ಬೇ?”

ನನ್ನ ಎದುರಿಗೇ ಎರಡು ಕೋಳಿಗಳು ಗೋಡೆಯ ನೆರಳಲ್ಲಿ ಗರಿ ಉಬ್ಬಿಸಿ ಕೂತಿದ್ದವು. ಬೆನ್ನಿನ ಗಾಯ ಮಾಯದೆ ಕೀವು ಹಿಡಿದಿತ್ತು, ಅರಿಶಿನಕ್ಕೆ ಬಗ್ಗುತ್ತಿರಲಿಲ್ಲ. ಅಂಥ ಗಾಯಕ್ಕೆ ಅಕ್ಕ ಏನೋ ಸೊಪ್ಪು ಅರೆದು ಹಚ್ಚುತ್ತಾಳೆ. ಯಾವ ಸೊಪ್ಪೆಂದು ನಾನು ಯಾವತ್ತೂ ಕೇಳಿಟ್ಟುಕೊಂಡಿರಲಿಲ್ಲ. ಬೇಕಾದಾಗ ಫೋನ್ ಮಾಡಿದರೆ ಹೇಳುತ್ತಾಳಲ್ಲ ಎಂದು ಬಿಟ್ಟಿದ್ದೆ.

“ಚಲೋ ಅದಾವ” ಎಂದೆ.

“ಎಲ್ಲಾ ಆರಾಮ?”

“ಎಲ್ಲಾ ಆರಾಮ” ಎಂದು ಹೇಳಿ ಫೋನ್ ಇಟ್ಟೆ.